ಶೇಷಪ್ಪನವರ ಅಪ್ಪಣೆ

ನನ್ನನ್ನು ಹಿಂಬಾಲಿಸಿ ನಡೆದ ಜೀವ ಯಾವುದಾದರೂ ಇದೆಯೇ ಎಂದು ಯೋಚಿಸಿದರೆ ನೆನಪಾಗುವುದು ನಮ್ಮ ಮನೆಯ ಬೆಕ್ಕೊಂದೇ. ಅದೂ ನನ್ನ ಕೈಯಲ್ಲಿ ಹಾಲಿನ ಚೊಂಬು ಇದ್ದಾಗ ಮಾತ್ರ. ಹಾಗಾಗಿ ಮುಂದಾಳುತನದ ಬಗ್ಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಆದರೆ ಅದು ಒಬ್ಬ ಮನುಷ್ಯನೊಳಗೆ ಹುಟ್ಟುವುದನ್ನು ಹತ್ತಿರದಿಂದ ನೋಡಿದ್ದೇನೆ.

ನಮ್ಮ ಭಾಷೆ ಜಾಣ ಭಾಷೆ. ಮೇಲ್ವಿಚಾರಕ ಎನ್ನುವಲ್ಲಿ ‘ಮೇಲೆ’ ಇದೆ, ಮುಂದಾಳು ಎನ್ನುವಲ್ಲಿ ‘ಮುಂದೆ’ ಇದೆ. ಮೇಲೆ ನಿಂತವನಿಗೆ ಎಲ್ಲರ ನೆತ್ತಿಯೂ ಕಾಣುತ್ತದೆ. ಮುಂದೆ ನಡೆಯುವವನಿಗೆ ಯಾರೂ ಕಾಣುವುದಿಲ್ಲ. ಹಿಂದೆ ಜನ ಬರುತ್ತಿದ್ದಾರೆಂದು ನಂಬಿಕೊಂಡೇ ಕಾಲಿಡಬೇಕು.

ಅರವತ್ತರ ದಶಕದ ಮೊದಲ ವರ್ಷಗಳು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿತ್ತು. ಹೊಸನಗರದ ಕಡೆಯ ಎಷ್ಟೋ ಊರುಗಳು ಮುಳುಗಡೆಯಾಗಲಿದ್ದವು. ಅಲ್ಲಿನ ಮನೆಗಳನ್ನು ಬಿಚ್ಚಿ, ಹೆಂಚು, ತೊಲೆ, ಬಾಗಿಲುಗಳನ್ನು ಲಾರಿಯಲ್ಲಿ ರಿಪ್ಪನ್‌ಪೇಟೆಯ ಆಚೆ ಹೊಸ ಜಾಗಕ್ಕೆ ಸಾಗಿಸುವ ಒಂದು ತಂಡಕ್ಕೆ ತೀರ್ಥಹಳ್ಳಿಯಿಂದ ಬಂದ ನಾನು ಗುಮಾಸ್ತ. ಮೇಲ್ವಿಚಾರಕರು ಮೈಸೂರು ಕಡೆಯ ಶೇಷಪ್ಪನವರು.

ಅವರಷ್ಟು ಅಚ್ಚುಕಟ್ಟಿನ ಮನುಷ್ಯನನ್ನು ನಾನು ಕಂಡಿಲ್ಲ. ಹೊತ್ತಿಗೆ ಸರಿಯಾಗಿ ಲಾರಿ, ಹೊತ್ತಿಗೆ ಸರಿಯಾಗಿ ಗಂಜಿ. ಅವರಿರುವಲ್ಲಿ ಹಗ್ಗ ಹರಿಯುತ್ತಿರಲಿಲ್ಲ, ಆಳು ಬೀಳುತ್ತಿರಲಿಲ್ಲ. ಇದು ಸಣ್ಣ ಗುಣವಲ್ಲ. ಮುಂದಾಳುಗಳನ್ನು ಹೊಗಳುವ ಭರದಲ್ಲಿ ನಾವು ಗಂಜಿ ಬೇಯಿಸಿದವರನ್ನು ಮರೆಯುತ್ತೇವೆ. ಆದರೂ ಆಳುಗಳು ಅವರನ್ನು ನೋಡುತ್ತಿದ್ದುದು ಗೋಡೆಯ ಗಡಿಯಾರವನ್ನು ನೋಡುವ ಹಾಗೆ. ಗಡಿಯಾರದ ಮೇಲೆ ಯಾರಿಗೂ ಸಿಟ್ಟಿರುವುದಿಲ್ಲ, ಪ್ರೀತಿಯೂ ಇರುವುದಿಲ್ಲ.

ತಂಡದಲ್ಲಿ ತಿಮ್ಮಪ್ಪ ಎಂಬವನಿದ್ದ. ಮುಳುಗಡೆಯ ಊರಿನವನೇ. ಸರದಿ ಅವನ ಮನೆಗೇ ಬಂತು. ತನ್ನ ಮನೆ ಬೀಳುವುದನ್ನು ಅವನು ಕಾಣಬಾರದೆಂದು ಶೇಷಪ್ಪನವರು ಮರುಕದಿಂದಲೇ ಅವನನ್ನು ಸಾಗರದ ಕಡೆ ಮರ ಇಳಿಸುವ ಕೆಲಸಕ್ಕೆ ಕಳಿಸಿದರು. ಎಷ್ಟು ಒಳ್ಳೆಯ ವ್ಯವಸ್ಥೆ ಎಂದು ನಾನೂ ತಲೆದೂಗಿದೆ.

ಮರುದಿನ ಬೆಳಗ್ಗೆ ಹೋಗಿ ನೋಡಿದರೆ ತಿಮ್ಮಪ್ಪನ ತಾಯಿ ದ್ಯಾವಮ್ಮ ಹೊಸ್ತಿಲ ಮೇಲೆ ಕೂತಿದ್ದಾಳೆ. ಏಳಲೊಲ್ಲಳು. ಆಳುಗಳು ಏಣಿಯನ್ನು ನೆಲಕ್ಕೆ ಮಲಗಿಸಿ ದೂರ ನಿಂತರು. “ಏರಿಸಿ ಏಣಿ” ಎಂದು ಶೇಷಪ್ಪನವರು ಎರಡು ಸಲ ಹೇಳಿದರು. ಯಾರೂ ಕದಲಲಿಲ್ಲ. ಬೇರೆ ಆಳುಗಳನ್ನು ಕರೆಸುತ್ತೇನೆ ಎಂದರು. ಆಳುಗಳು ಹೋಗಿ ಮರದ ನೆರಳಲ್ಲಿ ಕೂತರು.

ಆಗ ಅವರು ಚಪ್ಪಲಿ ಬಿಟ್ಟು ಜಗಲಿ ಹತ್ತಿ, ಆಕೆಯ ಪಕ್ಕ ಕೂತರು.

“ಯಾಕಮ್ಮಾ ಏಳೋದಿಲ್ಲ? ನೀರು ಬರುತ್ತಲ್ಲ.”

“ನೀರು ಬರ್ತದೆ ಅಂತ ನಂಗೂ ಗೊತ್ತು. ಈ ಮಾಡು ಕಟ್ಟಿದ್ದು, ಹೆಂಚು ಹೊದೆಸಿದ್ದು ನನ್ ಗಂಡ. ಇಳಿಸಾದು ನನ್ ಮಗ. ಅವನ್ನ ಎಲ್ಲಿಗೆ ಕಳ್ಸಿದ್ರಿ?”

ಶೇಷಪ್ಪನವರು ಎದ್ದು, ಸಾಮಾನು ತುಂಬಬೇಕಾಗಿದ್ದ ಲಾರಿಯನ್ನು ಖಾಲಿಯಾಗಿಯೇ ಸಾಗರಕ್ಕೆ ಓಡಿಸಿದರು, ತಿಮ್ಮಪ್ಪನನ್ನು ಕರೆತರಲು.

ಮಧ್ಯಾಹ್ನ ಅಣೆಕಟ್ಟಿನ ಇಂಜಿನಿಯರರ ಜೀಪು ಬಂತು. ಲಾರಿ ಇಲ್ಲ, ಆಳುಗಳು ಮರದ ನೆರಳಲ್ಲಿ ಕೂತಿದ್ದಾರೆ. ಇಂಜಿನಿಯರರ ಮುಖ ಕೆಂಪಾಯಿತು.

“ಕೆಲಸ ನಿಲ್ಲಿಸಿದ್ದು ಯಾರ ಅಪ್ಪಣೆ ಮೇಲೆ?”

ಏಣಿ ಮುಟ್ಟದವರು ಎದುರಿಗೇ ಇದ್ದರು. ಬೆರಳು ತೋರಿಸಿದ್ದರೆ ಮುಗಿಯುತ್ತಿತ್ತು. ಶೇಷಪ್ಪನವರು, “ನನ್ನದು ಸಾರ್” ಎಂದರು. ಇಂಜಿನಿಯರು ಎಲ್ಲರೆದುರೇ ಅವರನ್ನು ಬೈದು ಹೊರಟರು. ಆಳುಗಳು ಒಬ್ಬೊಬ್ಬರಾಗಿ ನೆರಳಿನಿಂದ ಎದ್ದು ನಿಂತರು.

ಸಂಜೆಯ ಬಿಸಿಲಿಗೆ ತಿಮ್ಮಪ್ಪ ಬಂದ. ತಾಯಿಯ ಮುಖ ನೋಡಿದ, ಏಣಿ ಹತ್ತಿದ. ಮೊದಲ ಹೆಂಚು ತೆಗೆದು ಕೆಳಗೆ ಚಾಚಿದಾಗ ಕೈಯೊಡ್ಡಿ ನಿಂತಿದ್ದವರು ಶೇಷಪ್ಪನವರು. ಅವರಿಂದ ಇನ್ನೊಬ್ಬ, ಅವನಿಂದ ಮತ್ತೊಬ್ಬ. ನಾನೂ ಆ ಸಾಲಿನಲ್ಲಿ ನಿಂತೆ. ದ್ಯಾವಮ್ಮ ಸೆರಗಿನಿಂದ ಒಂದೊಂದೇ ಹೆಂಚಿನ ಧೂಳು ಒರೆಸಿ ಜೋಡಿಸುತ್ತಿದ್ದಳು.

ಆಮೇಲೆ ಆಳುಗಳನ್ನು ಯಾರೂ ಕರೆಯಬೇಕಾಗಲಿಲ್ಲ. ಯಾವ ಮನೆಯಲ್ಲಿ ಯಾರು ಮೊದಲು ಕೈ ಇಡಬೇಕು ಎಂಬುದನ್ನು ಅವರೇ ಮನೆಯವರನ್ನು ಕೇಳಿಕೊಳ್ಳುತ್ತಿದ್ದರು.

ಮಳೆಗಾಲ ಹತ್ತಿರವಾದಾಗ ಶೇಷಪ್ಪನವರಿಗೆ ಕಾರ್ಗಲ್ಲಿನ ಉಗ್ರಾಣಕ್ಕೆ ವರ್ಗವಾಯಿತು. ಆ ದಿನದ ಪ್ರಸಾದವೋ ಏನೋ, ಯಾರೂ ಹೇಳಲಿಲ್ಲ. ಹೊಸನಗರದಲ್ಲಿ ಬಸ್ಸು ಹತ್ತಿಸಲು ನಾನು ಹೋದೆ. ತಂಡದಿಂದ ಬಂದವನು ತಿಮ್ಮಪ್ಪನೊಬ್ಬನೇ. ಶೇಷಪ್ಪನವರು ಅವನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ರಸ್ತೆಯುದ್ದಕ್ಕೂ ಕಣ್ಣು ಹಾಯಿಸಿದರು.

“ಉಳಿದವರು ಬರಲಿಲ್ಲವೇನೋ?”

ತಿಮ್ಮಪ್ಪ ತಲೆ ಕೆರೆದುಕೊಂಡ. “ಇಲ್ಲ ಅಯ್ಯಾ. ಒಂದು ಅಜ್ಜನ ಮನೆ ಮಾಡು ಅರ್ಧ ಇಳ್ಸಿದ್ವಿ, ಮೋಡ ಬೇರೆ ಹಾಕ್ತಾ ಅದೆ. ನಾವ್ ನಾವೇ ಮಾತಾಡ್ಕಂಡ್ವಿ. ಎಲ್ರೂ ಬಂದ್ರೆ ನೀವೇ ಬೈತೀರಿ ಅಂತ...”

ಶೇಷಪ್ಪನವರ ಮುಖದಲ್ಲಿ ಒಂದು ಗಳಿಗೆ ಬೇಸರ ಸುಳಿಯಿತು. ಮರುಗಳಿಗೆ ಅವರು ನಕ್ಕರು. ನಾನು ಅವರ ನಗು ಕಂಡದ್ದು ಅದೇ ಮೊದಲು. “ಬೈತಿದ್ದೆ ಕಣೋ” ಎಂದು ಅವನ ಭುಜ ತಟ್ಟಿ ಬಸ್ಸು ಹತ್ತಿದರು.