ನೀಲವ್ವ ಬ್ರೇಕ್ ಹಿಡಿದಿದ್ದಳು

ನಾನು ಒಂದು ಮಾತು ಹೇಳಬೇಕಾಗಿತ್ತು. ಹೇಳಲಿಲ್ಲ. ಅಪ್ಪ ನನ್ನ ಮುಖವನ್ನೇ ನೋಡಿ ಕೇಳಿದಾಗ ಹೇಳಲಿಲ್ಲ, ಅಪ್ಪ ತೀರಿಕೊಂಡ ಮೇಲೆಯೂ ಹೇಳಲಿಲ್ಲ. ಆ ಮಾತು ಅವತ್ತೇ ನನ್ನ ಬಾಯಿಂದ ಬಂದಿದ್ದರೆ ನನ್ನ ತಂಗಿ ನೀಲವ್ವ ಶಾಲೆ ಬಿಡುತ್ತಿರಲಿಲ್ಲ. ನಾನು ಏಳನೆಯ ಇಯತ್ತೆಯವರೆಗೆ ಓದಿದವನು, ಬರೆದು ರೂಢಿಯಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆಗ ನಮ್ಮ ಊರಲ್ಲಿ ಮಳೆಗಾಲ ಬಂತೆಂದರೆ ಯಾರ ಸೈಕಲ್ಲಿಗೂ ಬ್ರೇಕ್ ಇರುತ್ತಿರಲಿಲ್ಲ. ಮೆಣಸಗಿಯ ಆಚೆ, ಮಲಪ್ರಭೆಯ ದಂಡೆಗೆ ನಮ್ಮ ಊರು. ಕಣ್ಣು ಹಾಯಿಸಿದಷ್ಟೂ ಸಪಾಟಾದ ಎರೆಭೂಮಿ. ಒಂದು ಮಳೆ ಬಿದ್ದರೆ ಸಾಕು, ಎರೆಮಣ್ಣು ಗಾಲಿಗೆ ಮೆತ್ತಿಕೊಂಡು, ಮಡಗಾರ್ಡಿನೊಳಗೆ ತುಂಬಿ, ಬ್ರೇಕಿನ ರಬ್ಬರಿನ ಸಂದಿಯಲ್ಲಿ ಗಟ್ಟಿಯಾಗಿ, ಗಾಲಿಯನ್ನೇ ತಿರುಗಗೊಡುತ್ತಿರಲಿಲ್ಲ. ಹತ್ತು ಮಾರು ಹೋಗುವುದು, ಇಳಿದು ಜಾಲಿಯ ಕಡ್ಡಿಯಿಂದ ಕೆರೆಯುವುದು, ಮತ್ತೆ ಹತ್ತು ಮಾರು. ಅದಕ್ಕೇ ಎಲ್ಲರೂ ಮಡಗಾರ್ಡ್ ಬಿಚ್ಚಿ ಅಟ್ಟಕ್ಕೆ ಹಾಕುತ್ತಿದ್ದರು, ಬ್ರೇಕಿನ ರಬ್ಬರುಗಳನ್ನೂ ಕಿತ್ತಿಡುತ್ತಿದ್ದರು. ನಿಲ್ಲಿಸಬೇಕೆಂದರೆ ಮುಂದಿನ ಗಾಲಿಗೆ ಅಂಗಾಲು ಒತ್ತಿದರಾಯಿತು. ಸಪಾಟು ನೆಲದಲ್ಲಿ ಸೈಕಲ್ಲು ಓಡಿಹೋಗುವುದಾದರೂ ಎಲ್ಲಿಗೆ?

ನೀಲವ್ವ ನನಗಿಂತ ಎರಡು ವರ್ಷಕ್ಕೆ ಸಣ್ಣವಳು. ನಾನು ಶಾಲೆ ಬಿಟ್ಟು ಎತ್ತಿನ ಬೆನ್ನು ಹತ್ತಿದೆ. ಅವಳು ಎಂಟನೆಯದಕ್ಕೆ ಪಕ್ಕದ ಊರಿನ ಹೈಸ್ಕೂಲು ಸೇರಿದಳು. ಆ ವರ್ಷ ಅವಳ ತರಗತಿಯವರಿಗೆಲ್ಲ ಸರ್ಕಾರದಿಂದ ಸೈಕಲ್ಲು ಬಂದವು. ನೀಲವ್ವ ತನ್ನ ಸೈಕಲ್ಲಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಎಷ್ಟೋ ದಿನ ತೆಗೆಯಲಿಲ್ಲ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಬಟ್ಟೆಗೆ ಹಾಕಿ ಒರೆಸುತ್ತಿದ್ದಳು. ಬಾಗಿಲಲ್ಲಿ ನಿಂತ ಸೈಕಲ್ಲಿಗೂ ಅವಳ ಹೆರಳಿಗೂ ಒಂದೇ ವಾಸನೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅದನ್ನೂ ಬರೆದುಬಿಡಬೇಕು.

ದಸರೆಯ ರಜೆಗೆ ದೊಡ್ಡವ್ವ, ಎಂದರೆ ಅವ್ವನ ಅಕ್ಕ, ಹೇಳಿ ಕಳಿಸಿದ್ದಳು. ಗಜೇಂದ್ರಗಡದ ಗುಡ್ಡದ ಆಚೆ ಅವಳ ಊರು. ಸೀತಾಫಲ ಹಣ್ಣಾಗಿವೆ, ಹುಡುಗರನ್ನು ಕಳಿಸು ಎಂದು. ನಾವಿಬ್ಬರೂ ಸೈಕಲ್ಲಿನ ಮೇಲೆಯೇ ಹೋಗುತ್ತೇವೆಂದು ಹಟ ಹಿಡಿದೆವು.

"ಬಸ್ಸಿಗೆ ಹೋಗ್ರಿ. ಅಷ್ಟು ದೂರ ಯಾವ ಪುಣ್ಯಾತ್ಮ ಸೈಕಲ್ ತುಳಿತಾನ?" ಎಂದ ಅಪ್ಪ.

"ಸ್ವಂತ ಸೈಕಲ್ ಇದ್ದಾವ್ರು ಬಸ್ಸ್ ಯಾಕ ಹತ್ತೂದಪಾ?" ಎಂದಳು ನೀಲವ್ವ.

ಅಪ್ಪ ನಕ್ಕುಬಿಟ್ಟ. "ನೋಡ್ರಿ ನಮ್ಮ ಸಾವ್ಕಾರ್ತಿನ! ಹೋಗ್ರಿ, ಆದ್ರ ಅಣ್ಣ ಹೇಳಿದಂಗ ಕೇಳಬೇಕ ಮತ್ತ."

ಹೊರಡುವ ಹಿಂದಿನ ದಿನ ಮಳೆಯಾಗಿತ್ತು. ಸಂಜೆ ಅವಳ ಎದುರಿಗೇ ಮಡಗಾರ್ಡ್ ಬಿಚ್ಚಿದೆ. ಅವಳು ಬಗ್ಗಿ ನಿಂತು ಕಾವಲು ಕಾದಳು.

"ಮಡಗಾರ್ಡ್ ಬೇಕಾದ್ರ ತಗಿಯಣ್ಣಾ. ಬ್ರೇಕ್ ಮುಟ್ಟಬ್ಯಾಡ. ಸಾಲ್ಯಾಗ ಹೇಳ್ಯಾರ, ಬ್ರೇಕ್ ಇಲ್ದ ಹತ್ತಬಾರದು ಅಂತ."

"ಮುಟ್ಟೂದಿಲ್ಲ ಬಿಡ ಮಾರಾಯ್ತಿ," ಎಂದೆ.

ಬೆಳಿಗ್ಗೆ ಅವಳು ಹೆರಳು ಹಾಕಿಕೊಳ್ಳುವಾಗ ನಾಲ್ಕೂ ರಬ್ಬರುಗಳನ್ನು ಅವುಗಳ ಗೂಡಿನಿಂದ ಜಾರಿಸಿ ತೆಗೆದು ಕಿಸೆಗೆ ಹಾಕಿಕೊಂಡೆ. ಡಾಂಬರು ಹತ್ತುವ ತನಕ ಕೆಸರಿನ ಹಾದಿ, ಕೆರೆಯುವವನು ನಾನೇ. ಅದಕ್ಕೇ ತೆಗೆದೆ. ಬೇರೆ ಕೇಡು ಮನಸ್ಸಿನಲ್ಲಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಅವತ್ತಿನ ಹಾದಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ರೋಣದವರೆಗೂ ಎರಡೂ ಬದಿಗೆ ಹಿಂಗಾರಿ ಬಿತ್ತಿದ ಕರಿ ಹೊಲ, ಅಲ್ಲಲ್ಲಿ ಮೆಣಸಿನಗಿಡ, ಹಸಿ ಮಣ್ಣಿನ ವಾಸನೆ. ಒಂದು ಬಸ್ಸು ಹೋದರೆ ಮತ್ತೊಂದು ಬರುವ ತನಕ ಹಾದಿಯೆಲ್ಲ ನಮ್ಮದೇ. ನೀಲವ್ವ ಹಿಂದೆ ಕ್ಯಾರಿಯರಿನ ಮೇಲೆ ಕೂತು, ತೊಡೆಯ ಮೇಲೆ ರೊಟ್ಟಿಯ ಗಂಟು ಇಟ್ಟುಕೊಂಡು, ಎದುರಿಗೆ ಬಂದ ಎತ್ತು, ಎಮ್ಮೆಗಳಿಗೆಲ್ಲ "ಸರೀರಿ, ಸರೀರಿ, ಸಾವ್ಕಾರ್ತಿ ಬಂದ್ಲು" ಎನ್ನುತ್ತಿದ್ದಳು. ರೋಣ ದಾಟಿ ಒಂದು ಬೇವಿನ ಗಿಡದ ಕೆಳಗೆ ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು ತಿಂದೆವು. ಮುಂದೆ ಹೋದ ಹಾಗೆ ಕರಿ ಮಣ್ಣು ಹಿಂದೆ ಉಳಿದು ಕೆಂಪು ಮಣ್ಣು ಬಂತು. ದೂರದ ಗುಡ್ಡದ ನೆತ್ತಿಯಲ್ಲಿ ಗಾಳಿಕಂಬಗಳ ರೆಕ್ಕೆ ನಿಧಾನಕ್ಕೆ ತಿರುಗುತ್ತಿದ್ದವು.

"ಅಣ್ಣಾ, ಅವನ್ನ ಯಾರ ತಿರುವತಾರೋ?"

"ನಿಮ್ಮ ದೊಡ್ಡವ್ವ. ಹಿಟ್ಟ ಬೀಸಾಕತ್ಯಾಳ," ಎಂದೆ. ನಕ್ಕು ನಕ್ಕು ಅವಳು ಬೀಳುವುದರಲ್ಲಿದ್ದಳು.

ಮೂರು ದಿನ ಆ ಗುಡ್ಡದ ಹಾದಿಗಳನ್ನೆಲ್ಲ ಸುತ್ತಿದೆವು. ಸಪಾಟು ನೆಲದ ಮಕ್ಕಳಿಗೆ ಹಾದಿ ಮೇಲಕ್ಕೇರುವುದು, ತಿರುಗುವುದು, ತಿರುವಿನ ಆಚೆ ಏನಿದೆಯೋ ಕಾಣದಿರುವುದು ಎಲ್ಲವೂ ಹೊಸದು. ಏರು ಬಂದರೆ ಇಬ್ಬರೂ ಇಳಿದು ತಳ್ಳುವುದು, ಇಳಿಜಾರು ಬಂದರೆ ನಾನು ತುಳಿಯದೆ ಬಿಡುವುದು. ಮುಖಕ್ಕೆ ಬಡಿಯುವ ಗಾಳಿಗೆ ಕುರಿ ಹಿಂಡಿನ ವಾಸನೆ, ಹಣ್ಣಾದ ಸೀತಾಫಲದ ವಾಸನೆ. ಹಣ್ಣು ಕಿತ್ತು ಹೋಳು ಮಾಡಿ, ಯಾರು ಬೀಜ ದೂರ ಉಗುಳುತ್ತಾರೆಂದು ಪಂದ್ಯ ಕಟ್ಟುತ್ತಿದ್ದೆವು. ಇಳಿಯುವಾಗ ನಾನು ಚಪ್ಪಲಿಯ ಕಾಲನ್ನು ಮುಂದಿನ ಗಾಲಿಗೆ ಒತ್ತುತ್ತಿದ್ದೆ. ಸುಟ್ಟ ವಾಸನೆ ಏಳುತ್ತಿತ್ತು.

"ಕಾಲ್ಯಾಕ ಹಚ್ಚತಿ?" ಎಂದು ಹಿಂದಿನಿಂದ ಕೇಳಿದಳು ಒಮ್ಮೆ.

"ಗುಡ್ಡದಾಗ ಬ್ರೇಕಿನ ಜೋಡಿ ಕಾಲೂ ಹಚ್ಚಬೇಕ. ನಿನಗೇನ ತಿಳಿತೈತಿ."

ರಬ್ಬರು ಕಿಸೆಯಲ್ಲೇ ಇದ್ದವು. ಒಂದು ಗಳಿಗೆಯ ಕೆಲಸ, ಹಾಕಿಬಿಡಬಹುದಿತ್ತು. ಊರಿಗೆ ಹೋಗುವಾಗ ಮತ್ತೆ ತೆಗೆಯಬೇಕಲ್ಲ ಎಂಬ ಆಲಸ್ಯ. ಕಾಲಿನಿಂದಲೇ ಗುಡ್ಡ ಇಳಿಸುತ್ತೇನೆಂಬ ಸೊಕ್ಕು ಬೇರೆ.

ಮೂರನೆಯ ದಿನ ಮಧ್ಯಾಹ್ನ, ದೊಡ್ಡವ್ವನ ಊರಿಗೆ ಇಳಿಯುವ ಹಾದಿಯ ನೆತ್ತಿಯಲ್ಲಿ ನೀಲವ್ವ ಕ್ಯಾರಿಯರಿನಿಂದ ಇಳಿದು ಹ್ಯಾಂಡಲ್ ಹಿಡಿದು ನಿಂತಳು.

"ಇವತ್ತ ನಾ ಬಿಡಾಕಿ. ಸೈಕಲ್ ನಂದು, ಮೂರು ದಿನದಿಂದ ಹಿಂದ ಕುಂತು ಕುಂತು ನನ್ನ ಸೊಂಟ ಹೋತು."

ಆಗ ಹೇಳಬೇಕಾಗಿತ್ತು. ಬ್ರೇಕ್ ಇಲ್ಲವೇ ಹುಚ್ಚಿ, ಇಳಿ ಎನ್ನಬೇಕಾಗಿತ್ತು. ಹೇಳಿದರೆ ತೆಗೆದದ್ದು ಗೊತ್ತಾಗುತ್ತದೆ, ಮೂರು ದಿನ ಸುಳ್ಳು ಹೇಳಿದ್ದೂ ಗೊತ್ತಾಗುತ್ತದೆ. ಸಣ್ಣ ಇಳಿಜಾರು, ಕಾಲು ಊರಿ ನಿಲ್ಲಿಸಿಕೊಳ್ಳುತ್ತಾಳೆ ಎಂದುಕೊಂಡೆ. "ಸಾವಕಾಶ ಹೋಗು" ಎಂದಷ್ಟೇ ಅಂದೆ.

ಅವಳು ಹೋದಳು. ನಾನು ಹಿಂದೆ ಓಡಿದೆ. ಮೊದಲು ನಗು ಕೇಳಿಸಿತು. ಆಮೇಲೆ, "ಅಣ್ಣಾ, ಹತ್ತವಲ್ದೂ! ಬ್ರೇಕ್ ಹತ್ತವಲ್ದೋ ಅಣ್ಣಾ!"

ತಿರುವಿನಲ್ಲಿ ಸೈಕಲ್ಲು ಹಾದಿ ಬಿಟ್ಟು ಕಲ್ಲಿನ ಮೇಲೆ ಹಾರಿತು. ನಾನು ಮುಟ್ಟುವಷ್ಟರಲ್ಲಿ ಅವಳು ಸೀತಾಫಲದ ಗಿಡದ ಬುಡದಲ್ಲಿ ಬಿದ್ದಿದ್ದಳು. ಬಲಗೈ ಮುಂಗೈಯ ಹತ್ತಿರ ಸೊಟ್ಟಗೆ ತಿರುಗಿತ್ತು. ಕುರಿ ಕಾಯುವ ಮುದುಕನೊಬ್ಬ ಓಡಿ ಬಂದು ಅವಳನ್ನು ಹೆಗಲಿಗೆ ಹಾಕಿಕೊಂಡ. "ನೀ ಸೈಕಲ್ ತಗೊಂಡು ಬಾರೋ ತಮ್ಮಾ" ಎಂದು ನಡೆದೇಬಿಟ್ಟ.

ಅವರು ಕಣ್ಮರೆಯಾದ ಮೇಲೆ ನಾನು ಮಾಡಿದ್ದೇನು? ಸೈಕಲ್ಲನ್ನು ಬಂಡೆಯ ಮರೆಗೆ ಎಳೆದುಕೊಂಡು ಹೋಗಿ, ಕಿಸೆಯಿಂದ ರಬ್ಬರು ತೆಗೆದು, ಒಂದೊಂದಾಗಿ ಹೆಬ್ಬೆರಳಿನಿಂದ ಗೂಡಿಗೆ ಒತ್ತಿ ಕೂರಿಸಿದೆ. ನಾಲ್ಕೂ ಸರಿಯಾಗಿ ಕೂತವೋ ಎಂದು ಬ್ರೇಕ್ ಒತ್ತಿ ನೋಡಿದೆ. ತಂಗಿ ಅಳುವ ದನಿ ಕೆಳಗಿನಿಂದ ಇನ್ನೂ ಕೇಳಿಸುತ್ತಿತ್ತು.

ಮರುದಿನ ಅಪ್ಪ ದೊಡ್ಡವ್ವನ ಮನೆಗೆ ಬಂದ. ಅಷ್ಟರಲ್ಲಿ ಎಲುಬು ಕೂರಿಸುವವನು ಬಿದಿರಿನ ಪಟ್ಟಿ ಇಟ್ಟು ಕೈ ಕಟ್ಟಿದ್ದ.

"ಬ್ರೇಕ್ ಹಿಡೀಲಿಲ್ಲೇನವ್ವಾ?"

"ಹಿಡದ್ನೆಪಾ. ಎರಡೂ ಕೈಲೆ ಹಿಡದೆ. ಹತ್ತಲಿಲ್ಲ."

ಅಪ್ಪ ಅಂಗಳಕ್ಕೆ ಹೋಗಿ ಸೈಕಲ್ಲು ತಳ್ಳಿ ಬ್ರೇಕ್ ಒತ್ತಿದ. ಗಾಲಿ ನಿಂತಿತು. ಮತ್ತೊಮ್ಮೆ ಒತ್ತಿದ. ಮತ್ತೆ ನಿಂತಿತು. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದ.

"ಖರೇ ಹೇಳೋ. ಬ್ರೇಕ್ ಬರೋಬ್ಬರಿ ಇದ್ದುವೇನ?"

"ಇದ್ದುವಪಾ. ಅಕಿಗೇ ಹಿಡಿಯಾಕ ಬರಲಿಲ್ಲ. ಅಂಜಿ ಕೈ ಬಿಟ್ಲು."

ನೀಲವ್ವ ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ಒಳ್ಳೆಯದಿತ್ತು. ತನಗೆ ಗೊತ್ತಿಲ್ಲದ್ದು ಅಣ್ಣನಿಗೆ ಗೊತ್ತಿರಬೇಕು ಎಂಬ ಹಾಗೆ ನೋಡಿ, "ಹಂಗ ಮಾಡಿದ್ನೇನಣ್ಣಾ?" ಎಂದು ಕೇಳಿದಳು. ನಾನು ಹೌದೆಂದು ಗೋಣು ಹಾಕಿದೆ.

ಬ್ರೇಕ್ ಹಿಡಿಯಲು ಬಾರದವಳನ್ನು ಒಬ್ಬಳೇ ಹೈಸ್ಕೂಲಿಗೆ ಹೇಗೆ ಕಳಿಸುವುದು ಎಂದ ಅಪ್ಪ. ಶಾಲೆಯ ಹೊತ್ತಿಗೆ ಬಸ್ಸಿರಲಿಲ್ಲ. ದೀಪಾವಳಿಗೆ ಕೈಯ ಕಟ್ಟು ಬಿಚ್ಚಿದರು. ಪಾಟಿಚೀಲ ಗೂಟದಿಂದ ಕೆಳಗಿಳಿಯಲಿಲ್ಲ. ಸೈಕಲ್ಲು ನನ್ನದಾಯಿತು, ಅದರ ಮೇಲೆ ಹಸಿ ಮೇವು ಹೇರಿದೆ. ಕೊಬ್ಬರಿ ಎಣ್ಣೆಯ ವಾಸನೆ ಒಂದು ತಿಂಗಳೂ ಉಳಿಯಲಿಲ್ಲ.

ಅವಳ ಮಾತು ಬದಲಾದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೊದಮೊದಲು ಯಾರು ಕೇಳಿದರೂ "ಹಿಡದಿದ್ದೆ, ಹತ್ತಲಿಲ್ಲ" ಎನ್ನುತ್ತಿದ್ದಳು. ಕೆಲವು ತಿಂಗಳಿಗೆ "ಹಿಡದಿದ್ದೆ ಅನಸ್ತೈತಿ" ಎಂದಳು. ಮರುವರ್ಷ "ಅಂಜಿ ಬಿಟ್ಟಿದ್ನಂತ" ಎಂದು ತಾನೇ ನಕ್ಕಳು. ಅವಳ ಕೈಯ ಎಲುಬು ಕೂಡಿತು, ಸ್ವಲ್ಪ ಸೊಟ್ಟಗೆ. ತನ್ನ ಕೈಯ ಮೇಲೆ ಅವಳಿಗಿದ್ದ ನಂಬಿಕೆಯನ್ನು ನಾನು ಮುರಿದಿದ್ದೆ, ಅದು ಕೂಡಲಿಲ್ಲ. ಮದುವೆಯಾಗಿ ಶಿರೋಳಕ್ಕೆ ಹೋದಳು. ಎತ್ತಿನ ಹಗ್ಗ ಹಿಡಿ ಎಂದರೂ "ನನ್ನ ಕೈಯಾಗ ಕೊಡಬ್ಯಾಡ್ರಿ" ಎನ್ನುವಳು.

ಈಗ ನಮ್ಮೂರಿಗೆ ಡಾಂಬರು ಬಂದಿದೆ, ಯಾರೂ ಬ್ರೇಕ್ ಕಿತ್ತಿಡುವುದಿಲ್ಲ. ಗಜೇಂದ್ರಗಡದ ಹಾದಿಯಲ್ಲಿ ಗಾಡಿಗಳ ಸಾಲು, ಎರಡು ಮಕ್ಕಳು ಹಾದಿಯೆಲ್ಲ ತಮ್ಮದೆಂದು ಹೋಗುವ ಹಾಗಿಲ್ಲ. ಅದೆಲ್ಲ ಹೋದದ್ದಕ್ಕೆ ನನಗೆ ಅಷ್ಟು ದುಃಖವಿಲ್ಲ. ಎತ್ತು, ಎಮ್ಮೆಗಳಿಗೆ "ಸರೀರಿ, ಸಾವ್ಕಾರ್ತಿ ಬಂದ್ಲು" ಎನ್ನುತ್ತಿದ್ದ ಹುಡುಗಿ ಹೋದಳಲ್ಲ, ಅವಳು ತಾನಾಗಿ ಹೋಗಲಿಲ್ಲ, ನಾನು ಕಳೆದೆ.

ಈ ಸಲ ಪಂಚಮಿಗೆ ಅವಳನ್ನು ತವರಿಗೆ ಕರೆಯಲು ಶಿರೋಳಕ್ಕೆ ಹೋಗಿದ್ದೆ. ಅವಳ ಮಗಳು ಅಕ್ಷತಾ ಈ ವರ್ಷ ಎಂಟನೆಯ ಇಯತ್ತೆ. ದೂರದ ಹೈಸ್ಕೂಲಿಗೆ ಗೆಳತಿಯರೊಡನೆ ಸೈಕಲ್ಲಿನಲ್ಲಿ ಹೋಗಬೇಕೆಂದು ಅವಳ ಆಸೆ, ಬೇಡವೆಂದು ನೀಲವ್ವನ ಹಟ. ನಾನು ಕೂತ ಕೂಡಲೇ ಹುಡುಗಿ ಮೊಬೈಲು ತಂದು ನನ್ನ ಕೈಗಿಟ್ಟಳು.

"ಮಾಮಾ, ನೋಡ್ರಿ, ಇದು ಇಟಲಿ ದೇಶ. ಈ ಅಜ್ಜಿ ನೋಡ್ರಿ, ಗುಡ್ಡದಾಗ ಸೈಕಲ್ ಹ್ಯಾಂಗ ಬಿಡಾಕತ್ಯಾಳ! ನಮ್ಮವ್ವಗ ಹೇಳ್ರಿ."

ಹಸಿರು ಗುಡ್ಡಗಳು, ಸಾಲು ಸಾಲು ದ್ರಾಕ್ಷಿ, ಅವುಗಳ ನಡುವೆ ಹಾವಿನ ಹಾಗೆ ಹೊರಳುವ ಸಣ್ಣ ಹಾದಿ. ಹಾದಿಯ ಮೇಲೆ ಒಂದೂ ಗಾಡಿಯಿಲ್ಲ. ಬಿಳಿ ಕೂದಲಿನ ಒಬ್ಬ ಮುದುಕಿ ತಿರುವುಗಳಲ್ಲಿ ನಿರಾಳವಾಗಿ ಇಳಿಯುತ್ತಿದ್ದಳು. ನೀಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಂದು, ಹಿಟ್ಟಿನ ಕೈಯಲ್ಲೇ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಅಕಿ ಕೈ ಬ್ಯಾರೆ, ನಮ್ಮ ಕೈ ಬ್ಯಾರೆ," ಎಂದಳು ಮಗಳಿಗೆ. "ನಾನೂ ಬ್ರೇಕ್ ಹಿಡದೀನಿ ಅನಕೊಂಡಿದ್ನಿ. ಹಿಡದೇ ಇರಲಿಲ್ಲ. ನೀ ನನ್ನ ಹೊಟ್ಟ್ಯಾಗ ಹುಟ್ಟಿದಾಕಿ, ನಿನ್ನ ಕೈನೂ ಹಂಗ. ಬೇಕಾದ್ರ ನಿಮ್ಮ ಮಾಮಾನ್ನ ಕೇಳು, ಅಂವ ಹಿಂದ ಓಡಿ ಬರತಿದ್ದ, ಕಣ್ಣಾರೆ ನೋಡ್ಯಾನ. ನಿಮ್ಮ ಮಾಮಾ ಸುಳ್ಳ ಹೇಳಾಂವಲ್ಲ."

ಅಕ್ಷತಾ ನನ್ನ ಕಡೆ ತಿರುಗಿದಳು. ನೀಲವ್ವನೂ ನೋಡಿದಳು, ನಾನು ಹೌದು ಎನ್ನಲೆಂದು ಕಾಯುತ್ತ. ಮೊಬೈಲನ್ನು ಹುಡುಗಿಯ ಕೈಗೆ ಕೊಟ್ಟು, ತಂಗಿಯ ಆ ಸೊಟ್ಟ ಕೈಯನ್ನು ಹಿಟ್ಟಿನ ಸಮೇತ ಹಿಡಿದುಕೊಂಡೆ.

"ನಾ ಸುಳ್ಳ ಹೇಳಿದ್ನಿ ನೀಲವ್ವಾ. ಬ್ರೇಕಿನ ರಬ್ಬರ್ ನಾಲ್ಕೂ ನನ್ನ ಕಿಸೇದಾಗ ಇದ್ದು. ನೀ ಬಿದ್ದ ಮ್ಯಾಲೆ ಬಂಡೆಗಲ್ಲಿನ ಹಿಂದ ಕುಂತು ಹಾಕಿದ್ನಿ. ನೀ ಎರಡೂ ಕೈಲೆ ಹಿಡದಿದ್ದಿ. ನಿನ್ನ ಕೈದು ಏನೂ ತಪ್ಪಿರಲಿಲ್ಲವ್ವಾ, ನಂದು ತಪ್ಪು. ನನ್ನ ಕ್ಷಮಾ ಮಾಡು."