ದೊಡ್ಡಮ್ಮನ ಟೀವಿಯಲ್ಲಿ ಲಿನಕ್ಸ್

ಸಿಡಿಲು ಹೊಡೆದದ್ದು ನಮ್ಮ ಮನೆಗಲ್ಲ, ಹಿಂದಿನ ತೋಟದ ಸಿಲ್ವರ್ ಮರಕ್ಕೆ. ಆದರೆ ಸತ್ತದ್ದು ನನ್ನ ಮಾನಿಟರ್. ಮರ ಇವತ್ತಿಗೂ ನೆಟ್ಟಗೆ ನಿಂತಿದೆ.

ಸರಿಯಾಗಿ ಆ ವಾರವೇ ನಾನೊಂದು ಕೆಲಸ ಒಪ್ಪಿಕೊಂಡಿದ್ದೆ. ಯಸಳೂರು ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್ ಕಾರ್ಡು, ಶಾಲೆಯ ಟೀಸಿ ಇವುಗಳ ನಕಲು ತೆಗೆದು ತೆಗೆದು ಬೇಸರವಾದಾಗ ನನಗಿರುವ ಒಂದೇ ಚಟ ಅಂಗೈಯಗಲದ ಒಂದು ಬೋರ್ಡು. ನೋಡಲು ಹಳೇ ರೇಡಿಯೋದಿಂದ ಕಿತ್ತ ತುಂಡಿನ ಹಾಗಿದ್ದರೂ ಅದು ಪೂರ್ತಿ ಕಂಪ್ಯೂಟರ್. ಮೆಮೊರಿ ಕಾರ್ಡಿಗೆ ಲಿನಕ್ಸ್ ತುಂಬಿ, ಸಿಕ್ಕಿಸಿ, ಕರೆಂಟ್ ಕೊಟ್ಟರೆ ಎದ್ದು ಕೂರುತ್ತದೆ. ಈ ಬೋರ್ಡಿಗೆ ಹೊಂದುವಂತೆ ಲಿನಕ್ಸ್ ಸಿದ್ಧಮಾಡುವ ಒಂದಷ್ಟು ಜನ ಇಂಟರ್ನೆಟ್ಟಿನಲ್ಲಿದ್ದಾರೆ. ಅವರಿಗೂ ಇದು ಚಟವೇ. ಹೊಸದು ತಯಾರಾದಾಗ ಎಲ್ಲವನ್ನೂ ಒಂದೇ ಫೈಲಿನಲ್ಲಿ ಕಟ್ಟಿಡುತ್ತಾರೆ. ಅದಕ್ಕೆ ಇಮೇಜ್ ಎನ್ನುತ್ತಾರೆ. 'ಹಾಕಿ ನೋಡಿ, ಏನು ಕೆಟ್ಟಿದೆ ಹೇಳಿ' ಎಂದು ಎಲ್ಲರನ್ನೂ ಕೇಳುತ್ತಾರೆ. ಈ ಸಲ ನಾನು ಕೈ ಎತ್ತಿದ್ದೆ. ಅದನ್ನು ಕನ್ನಡದಲ್ಲಿ ನಡೆಸಿ ನೋಡುವವನು ನಾನೊಬ್ಬನೇ ಎಂದು ಗೊತ್ತಾದ ಮೇಲೆ ಸ್ವಲ್ಪ ಜಂಬವೂ ಬಂದಿತ್ತು.

ಯಸಳೂರಿನ ನೆಟ್‌ವರ್ಕಿಗೆ ಅಷ್ಟು ದೊಡ್ಡ ಫೈಲು ಇಳಿಸುವ ತಾಕತ್ತಿರಲಿಲ್ಲ. ಒಂದು ಭಾನುವಾರ ಆನೇಮಹಲ್ಲಿಗೆ ಹೋಗಿ, ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಮೂರು ಟೀ ಕುಡಿಯುವಷ್ಟರಲ್ಲಿ ಇಳಿಸಿಕೊಂಡು ಬಂದೆ. ಬಂದವನಿಗೆ ಆಗ ನೆನಪಾಯಿತು, ನೋಡಲು ಪರದೆಯೇ ಇಲ್ಲ. ಅಂಗಡಿಯಲ್ಲಿರುವುದು ಲ್ಯಾಪ್‌ಟಾಪ್, ಅದರ ಪರದೆಗೆ ಬೋರ್ಡು ಸಿಕ್ಕಿಸಲು ಬರುವುದಿಲ್ಲ. ನಮ್ಮ ಮನೆಯ ಟೀವಿ ಇನ್ನೂ ಹಿಂದುಗಡೆ ದಪ್ಪ ಹೊಟ್ಟೆಯಿದ್ದ ಕಾಲದ್ದು. ಸುತ್ತಮುತ್ತ ಚಪ್ಪಟೆ ಟೀವಿ ಇದ್ದದ್ದು ಪಕ್ಕದ ಮನೆಯ ದೊಡ್ಡಮ್ಮನ ಹತ್ತಿರ.

ದೊಡ್ಡಮ್ಮ ನನಗೆ ಸಂಬಂಧವಲ್ಲ. ನಮ್ಮ ಬೀದಿಯವರೆಲ್ಲ ಅವರನ್ನು ಹಾಗೆಯೇ ಕರೆಯುತ್ತೇವೆ. ಹಾಸನದ ಕಾಫಿ ಹಸನು ಮಾಡುವ ಕಾರ್ಖಾನೆಯಲ್ಲಿ ಬೀಜ ಆರಿಸುವ ಹೆಂಗಸರ ಮೇಲೆ ಮೇಸ್ತ್ರಿಯಾಗಿದ್ದು ನಿವೃತ್ತರಾದವರು. ಕಪ್ಪು ಬೀಜ, ಒಡಕು ಬೀಜ, ಹುಳು ತಿಂದ ಬೀಜ ಯಾವುದೂ ಅವರ ಕಣ್ಣು ತಪ್ಪಿಸಿಕೊಳ್ಳುತ್ತಿರಲಿಲ್ಲವಂತೆ. ನಮ್ಮ ಮನೆಯ ಮದುವೆಗಳಲ್ಲಿ ಅಕ್ಕಿ ಆರಿಸುವಾಗ ಅವರ ಪಕ್ಕ ಕೂರಲು ಯಾರೂ ಇಷ್ಟಪಡುವುದಿಲ್ಲ.

ಬೋರ್ಡನ್ನು ಸಾಬೂನಿನ ಡಬ್ಬಿಯಲ್ಲಿ ಇಟ್ಟುಕೊಂಡು ಅವರ ಬಾಗಿಲಿಗೆ ಹೋದೆ.

"ಸೋಪ್ ಯಾಕೋ ತಂದೆ?" ಎಂದರು.

"ಕಂಪ್ಯೂಟರ್ ದೊಡ್ಡಮ್ಮ. ನಿಮ್ ಟೀವಿಗೆ ಹಾಕಿ ನೋಡ್ಬೇಕಿತ್ತು."

"ಹಾಕು ಮಾರಾಯ. ಆರೂವರೆಗೆ ನನ್ ಧಾರಾವಾಹಿ ಐತೆ, ಅಷ್ಟ್ರಲ್ಲಿ ಕಿತ್ಕಂಡ್ ಹೋಗು."

ನಾಲ್ಕು ಗಂಟೆಯ ಸಕಲೇಶಪುರದ ಬಸ್ಸು ಹೊರಟ ಮೇಲೆ ನನ್ನ ಅಂಗಡಿಯಲ್ಲಿ ನೊಣವೂ ಕೂರುವುದಿಲ್ಲ. ಹಾಗಾಗಿ ಈ ಒಪ್ಪಂದ ಇಬ್ಬರಿಗೂ ಸರಿಹೋಯಿತು.

ಮೊದಲ ದಿನವೇ ಬೋರ್ಡು ಎದ್ದಿತು. ಭಾಷೆ ಯಾವುದು ಎಂದು ಕೇಳಿತು, ಕನ್ನಡ ಎಂದೆ. ಪರದೆ ತುಂಬ ಕನ್ನಡ ಬಂತು. ನನಗೆ ಎದೆ ಉಬ್ಬಿತು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಟೀವಿಯ ಹತ್ತಿರ ಬಂದು ನಿಂತರು. ಬೀಜ ನೋಡುವ ಹಾಗೆ, ಎಡದಿಂದ ಬಲಕ್ಕೆ, ಒಂದೊಂದೇ ಅಕ್ಷರ ನೋಡುತ್ತಾ ಹೋದರು. ಕೊನೆಗೆ ಮೂಲೆಯಲ್ಲಿ ಬೆರಳಿಟ್ಟರು.

"ಇದು ಯಾರಿಗೆ ಹೇಳ್ತಾ ಐತೆ?"

ನೋಡಿದೆ. ಕಂಪ್ಯೂಟರ್ ಆರಿಸುವ ಗುಂಡಿಯ ಮೇಲೆ ದಪ್ಪ ಅಕ್ಷರದಲ್ಲಿ 'ಮುಚ್ಚಿಕೊಳ್ಳಿ' ಎಂದು ಬರೆದಿತ್ತು.

"ಯಾರಿಗೂ ಅಲ್ಲ ದೊಡ್ಡಮ್ಮ. ಆರ್ಸೋದಕ್ಕೆ ಇಂಗ್ಲಿಷ್ನಲ್ಲಿ ಒಂದ್ ಮಾತೈತೆ. ಯಾರೋ ಅದನ್ನ ಹಂಗೇ ಎತ್ತಿ ಕನ್ನಡಕ್ಕೆ ಹಾಕ್ಬುಟ್ಟವ್ರೆ."

"ನಮ್ ಮನೇಗ್ ಬಂದು, ನಮ್ ಟೀವೀಲ್ ಕೂತು, ನಂಗೇ ಮುಚ್ಕಳಿ ಅಂದ್ರೆ? ಬರ್ಕಳೋ ಮೊದ್ಲು ಅದನ್ನ."

ಬರೆದುಕೊಂಡೆ. ಬೋರ್ಡಿನ ಜನರಿಗೆ ಕಳಿಸಿದೆ, ನಾಲ್ಕು ದಿನದಲ್ಲಿ ಅವರು ಅದನ್ನು 'ಆರಿಸಿ' ಎಂದು ಬದಲಾಯಿಸಿದರು. ಆ ಮೊದಲ ದಿನದಿಂದಲೇ ದೊಡ್ಡಮ್ಮ ಇದು ತಮ್ಮದೂ ಕೆಲಸ ಎಂದು ತಿಳಿದುಕೊಂಡರು.

ನನ್ನ ಹತ್ತಿರ ಪರೀಕ್ಷೆ ಮಾಡಬೇಕಾದ ಪಟ್ಟಿ ಇತ್ತು. ವೈಫೈ ಸರಿಯಿತ್ತು, ಧ್ವನಿ ಸರಿಯಿತ್ತು, ಕೀಬೋರ್ಡ್ ಸರಿಯಿತ್ತು. ಮೂರನೇ ದಿನ ಯಾರೋ ತುರ್ತು ನಕಲು ಬೇಕೆಂದು ಅಂಗಡಿಗೆ ಕರೆದರು. ಬೋರ್ಡನ್ನು ಹಾಗೆಯೇ ಬಿಟ್ಟು ಹೋದೆ. ವಾಪಸು ಬಂದಾಗ ಟೀವಿ ನೀಲಿ ಬಣ್ಣಕ್ಕೆ ತಿರುಗಿ, 'ಸಿಗ್ನಲ್ ಇಲ್ಲ' ಎನ್ನುತ್ತಿತ್ತು. ಬೋರ್ಡಿನ ದೀಪ ಮಾತ್ರ ಮಿನುಗುತ್ತಿತ್ತು.

"ಏನಾಯ್ತು ದೊಡ್ಡಮ್ಮ?"

"ನೀನ್ ಹೋದ್ಯಲ್ಲ, ಸುಮ್ನೆ ಯಾಕ್ ಉರೀಬೇಕು ಅಂತ ಟೀವಿ ಆರ್ಸ್ದೆ. ಕಾಫಿ ಮಾಡ್ಕಂಡ್ ಬಂದು ಹಾಕ್ದೆ. ಬರ್ಲಿಲ್ಲ."

"ಯಾವ್ದೋ ಬಟನ್ ಒತ್ತಿರ್ತೀರ."

ಹಾಗೆನ್ನಬಾರದಿತ್ತು. ಅವರು ರಿಮೋಟನ್ನು ಟೀವಿಯ ಪಕ್ಕ ಇಟ್ಟು ಒಳಗೆ ಹೋದರು. ನಾನು ಬೋರ್ಡನ್ನು ಮತ್ತೆ ಚಾಲೂ ಮಾಡಿ, ಟೀವಿಯನ್ನು ಆರಿಸಿ ಹಾಕಿ, ಆರಿಸಿ ಹಾಕಿ, ಹತ್ತು ಸಲ ನೋಡಿದೆ. ಹತ್ತು ಸಲವೂ ಚಿತ್ರ ಬಂತು. ನನ್ನ ಮಾತೇ ಸರಿ ಎಂದು ಖುಷಿಯಾಗಿ ಮನೆಗೆ ಹೋದೆ.

ಮರುದಿನ ಕಾಫಿ ಲೋಟವನ್ನು ಟಕ್ಕೆಂದು ಇಟ್ಟು ಒಳಗೆ ಹೋದರು. ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಮತ್ತೆ ನೀಲಿ ಪರದೆ. ತಂತಿ ಕೆಟ್ಟಿರಬೇಕು ಎಂದುಕೊಂಡು ಸಕಲೇಶಪುರಕ್ಕೆ ಬಸ್ಸಿನಲ್ಲಿ ಹೋಗಿ ಹೊಸ ತಂತಿ ತಂದೆ. ನೀಲಿ. ಕಾರ್ಡ್ ಬದಲಾಯಿಸಿದೆ. ಆಗಲೂ ನೀಲಿ. ಆದರೆ ನಾನೇ ಎದುರಿಗೆ ಕೂತು ಆರಿಸಿ ಹಾಕಿದರೆ ಮಾತ್ರ, ಒಳ್ಳೇ ಹುಡುಗನ ಹಾಗೆ, ಚಿತ್ರ ಬರುತ್ತಿತ್ತು. ದೊಡ್ಡಮ್ಮನಿಗೂ ಈ ಬೋರ್ಡಿಗೂ ಏನೋ ಆಗಿಬರುವುದಿಲ್ಲ ಎಂದು ನನ್ನ ಹೆಂಡತಿಯ ಹತ್ತಿರ ಹೇಳಿದೆ. ಅವಳು, "ನಿಮಗೆ ಅವರ ಮಾತು ಆಗಿಬರಲ್ಲ, ಅಷ್ಟೇ" ಎಂದಳು.

ಏಳನೇ ದಿನ ಹೋದಾಗ ದೊಡ್ಡಮ್ಮ ಕ್ಯಾಲೆಂಡರಿನ ಹಾಳೆಯೊಂದನ್ನು ಹಿಂದುಮುಂದು ಮಡಿಸಿ ಇಟ್ಟುಕೊಂಡಿದ್ದರು. ಬೋರ್ಡನ್ನು ಹಿಂದಿನ ಸಂಜೆ ನಾನು ಅಲ್ಲೇ ಬಿಟ್ಟು ಹೋಗಿದ್ದೆ.

"ಕೂತ್ಕ," ಎಂದರು. "ಬೆಳಗ್ಗಿಂದ ಮಾಡ್ ನೋಡೀವ್ನಿ. ಆರ್ಸಿದ್ ತಕ್ಷಣ ಹಾಕಿದ್ರೆ ಬತ್ತೈತೆ. ಬಟ್ಟೆ ಒಣಾಕಿ ಬಂದು ಹಾಕಿದ್ರೂ ಬತ್ತೈತೆ. ಕಾಫಿ ಡಿಕಾಕ್ಷನ್ ಪೂರ್ತಿ ಇಳಿದ್ ಮೇಲ್ ಹಾಕಿದ್ರೆ ಬರಲ್ಲ. ಮೂರ್ ಸಲ ಡಿಕಾಕ್ಷನ್ ಇಳಿಸ್ದೆ, ನೀನ್ ಮಾಡ್ದಂಗೆ ಬೋರ್ಡನ್ನ ಮತ್ತೆ ಎಬ್ಬಿಸ್ಕಂಡೆ, ಮೂರ್ ಸಲಾನೂ ಹಂಗೇ. ನೀನು ತಾಳ್ಮೆ ಇಲ್ದೆ ಟಕ್ ಟಕ್ ಅಂತ ಒತ್ತಿದ್ರೆ ಅದು ಹೆಂಗ್ ಸಿಕ್ಕಾಕತೈತೆ?"

ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಗೀಟು ಹಾಕಿ ಎಲ್ಲ ಬರೆದಿಟ್ಟಿದ್ದರು. ಅಡಿಗೆಮನೆಯಲ್ಲಿ ಮೂರು ಪಾತ್ರೆ ಡಿಕಾಕ್ಷನ್ ಸಾಲಾಗಿ ಕೂತಿತ್ತು. ನನಗೆ ಎಷ್ಟು ನಾಚಿಕೆಯಾಯಿತೆಂದರೆ ತಲೆ ತಗ್ಗಿಸಿಕೊಂಡು, "ತಪ್ಪಾಯ್ತು ದೊಡ್ಡಮ್ಮ, ನಿಮ್ ಮೇಲ್ ಹಾಕ್ಬುಟ್ಟೆ" ಎಂದೆ.

"ಅದಿರ್ಲಿ. ಡಿಕಾಕ್ಷನ್ ಏನ್ ಮಾಡೋದು? ಕುಡಿ."

ಆ ಸಂಜೆ ಮೂರು ಲೋಟ ಕುಡಿದೆ. ಗಡಿಯಾರ ಹಿಡಿದು ನಾನೂ ಅವರ ಜೊತೆ ಒಂದು ಸಲ ಪರೀಕ್ಷಿಸಿದೆ. ಅವರು ಹೇಳಿದ್ದು ಅಕ್ಷರಶಃ ಸರಿ. ವರದಿ ಬರೆದು ಕಳಿಸಿದೆ. ಬೋರ್ಡಿನ ಜನರಲ್ಲಿ ಒಬ್ಬ, ಯಾವ ದೇಶದವನೋ, 'ನಮ್ಮಲ್ಲಿ ಹಾಗೆ ಆಗುತ್ತಿಲ್ಲ' ಎಂದು ಒಂದು ಸಾಲು ಬರೆದ. ನನಗೆ ಒಳಗೊಳಗೇ ನಗು ಬಂತು. ಐದು ದಿನದ ಹಿಂದೆ ನಾನು ಹೇಳಿದ್ದೂ ಅದನ್ನೇ. ಟೀವಿಯನ್ನು ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಆರಿಸಿಡಿ ಎಂದು ಉತ್ತರ ಕೊಟ್ಟೆ. ಅವನು ಬಹಳ ಗಂಭೀರವಾಗಿ, 'ಯಾವ ಬಗೆಯ ಫಿಲ್ಟರ್, ಪುಡಿ ಎಷ್ಟು ಸಣ್ಣ' ಎಂದು ಕೇಳಿದ. ದೊಡ್ಡಮ್ಮನನ್ನು ವಿಚಾರಿಸಿ, ಹಿತ್ತಾಳೆ ಫಿಲ್ಟರ್, ಚಿಕೋರಿ ಇಲ್ಲದ ಪುಡಿ, ಸುಮಾರು ಹನ್ನೆರಡು ನಿಮಿಷ ಎಂದು ತಿಳಿಸಿದೆ.

ಮರುದಿನ ಅವನಿಗೂ ನೀಲಿ ಪರದೆ ಬಂತು. ಆರಿಸಿದ ಮೇಲೂ ಕೆಲವು ಟೀವಿಗಳು ಒಂದಷ್ಟು ಹೊತ್ತು ಅರೆನಿದ್ದೆಯಲ್ಲಿ ಇರುತ್ತವಂತೆ. ಪೂರ್ತಿ ನಿದ್ದೆಗೆ ಜಾರಿದಾಗ ಬೋರ್ಡು, ಟೀವಿಯನ್ನು ಯಾರೋ ಕಿತ್ತುಕೊಂಡು ಹೋದರು ಎಂದು ತಿಳಿದು ಚಿತ್ರ ಕಳಿಸುವುದನ್ನೇ ನಿಲ್ಲಿಸುತ್ತಿತ್ತು. ಮತ್ತೆ ಟೀವಿ ಎದ್ದರೂ ತಿರುಗಿ ನೋಡುತ್ತಿರಲಿಲ್ಲ.

"ನಿಮ್ ದೊಡ್ಡಪ್ಪನೂ ಹಂಗೇ ಇದ್ರು," ಎಂದರು ದೊಡ್ಡಮ್ಮ. "ಒಂದ್ ಸಲ ಮುನಿಸ್ಕಂಡ್ರೆ ಮುಗೀತು."

ಸರಿಪಡಿಸಿದ ಇಮೇಜ್ ಹತ್ತು ದಿನಕ್ಕೆ ಬಂತು. ಅದರ ಜೊತೆಗಿದ್ದ ಬದಲಾವಣೆಗಳ ಪಟ್ಟಿಯಲ್ಲಿ ಟೀವಿಯ ವಿಷಯವೂ ಇತ್ತು. ಕಂಡುಹಿಡಿದವರು ಎಂಬಲ್ಲಿ ನನ್ನ ಹೆಸರು ಹಾಕಿದ್ದರು. ಕೂಡಲೇ ಈಮೇಲ್ ಬರೆದು, ಇದು ನನ್ನದಲ್ಲ, ಪಕ್ಕದ ಮನೆಯವರದು ಎಂದು ದೊಡ್ಡಮ್ಮನ ಹೆಸರು ಹಾಕಿಸಿದೆ. ಅಷ್ಟಾದರೂ ಮಾಡದಿದ್ದರೆ ಆ ಮೂರು ಲೋಟ ಕಾಫಿ ಅರಗುತ್ತಿರಲಿಲ್ಲ. ಮೊಬೈಲಿನಲ್ಲಿ ತೋರಿಸಿದಾಗ ದೊಡ್ಡಮ್ಮ ಇಂಗ್ಲಿಷ್ ಅಕ್ಷರಗಳನ್ನು ನಿಧಾನಕ್ಕೆ ಕೂಡಿಸಿ ಓದಿಕೊಂಡು, ಒಂದು ಅಕ್ಷರ ಹೆಚ್ಚಾಗಿದೆ ಎಂದರು. ಹೌದು, ಹೆಚ್ಚಾಗಿತ್ತು. ನಾನೇ ತಪ್ಪು ಬರೆದಿದ್ದೆ.

ಹೊಸ ಇಮೇಜ್ ಹಾಕಿ ಟೀವಿ ಆರಿಸಿ, ಇಬ್ಬರೂ ಜಗಲಿಯಲ್ಲಿ ಕೂತು ಹದಿನೈದು ನಿಮಿಷ ಕಳೆದೆವು. ಅವರು ಅವರೆಕಾಯಿ ಸುಲಿದರು, ನಾನು ಗಡಿಯಾರ ನೋಡಿದೆ. ಒಳಗೆ ಬಂದು ರಿಮೋಟ್ ಒತ್ತಿದರು. ಚಿತ್ರ ಬಂತು.

"ಸರಿಯಾಗೈತೆ," ಎಂದರು. ಹಾಗೆಂದವರೇ ನೇರ ಗೋಡೆಯ ಹತ್ತಿರ ಹೋಗಿ, ಬೋರ್ಡಿಗೆ ಕರೆಂಟ್ ಕೊಡುವ ಸ್ವಿಚ್ಚನ್ನು ಟಪ್ಪೆಂದು ಆರಿಸಿದರು.

"ಅಯ್ಯೋ, ಹಂಗ್ ಆರ್ಸಬಾರ್ದು ದೊಡ್ಡಮ್ಮ. ಅದಕ್ಕೆ ಹೇಳಿ ಆರ್ಸ್ಬೇಕು."

"ಕರೆಂಟ್ನೋರು ನಿಂಗೆ ಹೇಳಿ ತೆಗೀತಾರಾ?"

ಹಾಗೆನ್ನುತ್ತಲೇ ಸ್ವಿಚ್ಚು ಹಾಕಿದರು. ಕಪ್ಪು ಪರದೆಯಲ್ಲಿ ಬಿಳಿ ಸಾಲುಗಳು ಇರುವೆಗಳ ಹಾಗೆ ಓಡಿದವು. ಕಾರ್ಡಿನಲ್ಲಿ ಕಲಸಿಹೋದದ್ದನ್ನು ತನ್ನಷ್ಟಕ್ಕೆ ಜೋಡಿಸಿಕೊಂಡು ಬೋರ್ಡು ಮತ್ತೆ ಎದ್ದಿತು. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಟೀವಿಯ ಹತ್ತಿರ ಹೋದರು.

"ಕನ್ನಡ ಎಲ್ಲೋಯ್ತೋ?"

ಪರದೆಯೆಲ್ಲ ಇಂಗ್ಲಿಷಿನಲ್ಲಿತ್ತು. ನಾನು ಮತ್ತೆ ಕನ್ನಡಕ್ಕೆ ಬದಲಾಯಿಸಿದೆ, ಅವರು ಮತ್ತೆ ಸ್ವಿಚ್ಚು ತೆಗೆದು ಹಾಕಿದರು. ಈ ಸಲ ಕನ್ನಡ ಉಳಿದುಕೊಂಡಿತ್ತು. ಅವರು ಒಪ್ಪಲಿಲ್ಲ. ಸ್ಟೂಲ್ ಎಳೆದುಕೊಂಡು ಸ್ವಿಚ್ಚಿನ ಪಕ್ಕದಲ್ಲೇ ಕೂತರು. "ಒಂದ್ ಸಲ ಆದ್ರೆ ಆಯ್ತು ಅಂತ ಬಿಡಾಕಾಯ್ತದಾ? ನೀನು ಬರ್ಕಳ್ತಾ ಹೋಗು" ಎಂದರು. ಐದು ಸಲ ಮಾಡಿದೆವು. ಐದರಲ್ಲಿ ಎರಡು ಸಲ ಕನ್ನಡ ಹೋಯಿತು. ಹಾಗೆಯೇ ಬರೆದು ಕಳಿಸಿದೆ, ಈ ಸಲ ವರದಿಯ ಕೆಳಗೆ ಮೊದಲು ಅವರ ಹೆಸರು, ಆಮೇಲೆ ನನ್ನದು.