ದೊಡ್ಡದು ಮಾಡಿದ ಯಂತ್ರ

ಹಳೆಯ ಕಂಪ್ಯೂಟರಿನ ಮುಚ್ಚಳ ಬಿಚ್ಚಿದಾಗ ಒಂದು ವಾಸನೆ ಬರುತ್ತದೆ ನೋಡಿ, ಕಾದ ಧೂಳಿನದು. ಇವತ್ತು ಬೆಳಿಗ್ಗೆ ಒಂದನ್ನು ಬಿಚ್ಚಿದೆ. ಮೂಗಿಗೆ ಬಡಿದದ್ದೇ ತಡ, ಕಾಫಿ ಕುಡಿಯುವ ಮನಸ್ಸೇ ಹೋಯಿತು. ಸತ್ತ ಯಂತ್ರಗಳಿಗೆ ಜೀವ ಬರಿಸುವ ಈ ಹುಚ್ಚು ನನಗೆ ಅಂಟಿದ್ದು ಕಾಶಿಯಲ್ಲಿ. ಜನ ಮುಕ್ತಿಗೆಂದು ಹೋಗುವ ಊರಿಗೆ ಹೋಗಿ ನಾನು ತಂದದ್ದು ಇದು!

ಎರಡು ಸಾವಿರದ ಇಸವಿ ದಾಟಿದ ಹೊಸತು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಹೆಸರಿನಲ್ಲಿ ಕಾಲ ತಳ್ಳುತ್ತಿದ್ದೆ. ಕೇದಾರ ಘಾಟಿನ ಗಲ್ಲಿಯಲ್ಲಿ ಶ್ರೀಪತಿರಾಯರೆಂಬ ನಿವೃತ್ತ ಗಣಿತದ ಮೇಷ್ಟರಿದ್ದರು. ಅವರ ತಂದೆ ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುತ್ತಿದ್ದ ಪುರೋಹಿತರು. ರಾಯರು ಸೋನಾರ್‌ಪುರದ ಗುಜರಿಯಿಂದ ಹಳೆಯ ಕಂಪ್ಯೂಟರೊಂದನ್ನು ತಂದು, ನನ್ನನ್ನೂ ಎಳೆದುಕೊಂಡು ರಿಪೇರಿಗೆ ಕೂತರು. ಓಡಿತು. ಬರೆದದ್ದನ್ನು ಉಳಿಸಿಡುವ ಡಿಸ್ಕ್ ಮಾತ್ರ ಏನು ಮಾಡಿದರೂ ಏಳಲಿಲ್ಲ. ಹಾಗಾಗಿ ಅದರಲ್ಲಿ ಬರೆದದ್ದು ಕರೆಂಟ್ ಇರುವಷ್ಟು ಹೊತ್ತು ಮಾತ್ರ ಉಳಿಯುತ್ತಿತ್ತು. ಕಾಶಿಯ ಕರೆಂಟನ್ನು ನಂಬುವುದುಂಟೇ? ಇನ್ವರ್ಟರ್ ಕಟ್ಟಿ, ಅದನ್ನು ಎಂದೂ ನಿಲ್ಲಿಸದೆ ಇಟ್ಟಿದ್ದರು.

ರಾಯರು ಅದರೊಳಗೆ ಕಟ್ಟುತ್ತಿದ್ದದ್ದು, ಯಾವ ತಿಥಿ ಯಾವ ದಿನ ಬೀಳುತ್ತದೆಂದು ತಂದೆ ಹಾಕುತ್ತಿದ್ದ ಲೆಕ್ಕ. ಯಾವ ಪುಸ್ತಕದಲ್ಲೂ ಇಲ್ಲದ್ದು, ತಂದೆಯ ಬಾಯಿಂದ ಮಗನಿಗೆ ಬಂದದ್ದು. ಮಗನಿಗೋ ಮರೆವು ಶುರುವಾಗಿತ್ತು. ಹಾಲಿನವನ ಹೆಸರು ಮರೆತರು, ಆಮೇಲೆ ತಮ್ಮದೇ ಗಲ್ಲಿಯ ತಿರುವು. ಪೂರ್ತಿ ಮರೆಯುವ ಮೊದಲು ಲೆಕ್ಕ ಯಂತ್ರಕ್ಕೆ ಸೇರಿಬಿಡಬೇಕು ಎಂಬುದೊಂದೇ ಹಠ.

"ಕಾಗದದಲ್ಲೂ ಬರೆದಿಡಿ ಸಾರ್" ಎಂದೆ.

"ಹೋಗಯ್ಯಾ! ತಪ್ಪು ಬರೆದ್ರೆ ಕಾಗದ ಬಾಯಿ ಬಿಡುತ್ಯೇ? ಇಲ್ನೋಡು, ಓಡ್ತಿರೋವಾಗ್ಲೇ ತಿದ್ದಬಹುದು. ಸಾರು ಕುದೀತಿರೋವಾಗ್ಲೇ ರುಚಿ ನೋಡಿ ಉಪ್ಪು ಹಾಕಲ್ವಾ, ಹಾಗೆ."

ಅದು ನಿಜಕ್ಕೂ ಸೊಗಸು. ನಿಲ್ಲಿಸಬೇಕಿಲ್ಲ, ಮೊದಲಿಂದ ಶುರು ಮಾಡಬೇಕಿಲ್ಲ; ಒಂದು ಸಾಲು ಬದಲಿಸಿದರೆ ಪರದೆಯ ಮೇಲೆ ಏಕಾದಶಿ ನಮ್ಮ ಕಣ್ಣೆದುರೇ ದ್ವಾದಶಿಯಾಗುತ್ತಿತ್ತು. ಈಗಿನ ಕಂಪ್ಯೂಟರುಗಳೋ, ಒಳಗೆ ಕೈ ಹಾಕಿದರೆ ಕಚ್ಚುತ್ತವೆ. ನಾವಿಬ್ಬರೂ ಗಡ್ಡ ಬಂದ ಮಕ್ಕಳ ಹಾಗೆ ಚಪ್ಪಾಳೆ ತಟ್ಟುತ್ತಿದ್ದೆವು.

ಆಯುಧ ಪೂಜೆಯ ಬೆಳಿಗ್ಗೆ ಹೋದೆ. ರಾಯರ ಹೆಂಡತಿ ಸಾವಿತ್ರಮ್ಮ ಯಂತ್ರಕ್ಕೆ ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿದ್ದರು. ಪರದೆ ಕಪ್ಪಗಿತ್ತು.

"ಅಮ್ಮಾ, ಇದು ಯಾಕೆ ಹೀಗೆ?"

"ಇವತ್ತು ಆಯುಧ ಕೆಲಸ ಮಾಡಬಾರದಲ್ವೇನಪ್ಪಾ? ಅವರನ್ನ ಕೇಳೇ ದೊಡ್ಡದು ಮಾಡಿದೆ."

ದೀಪವನ್ನು ‘ಆರಿಸು’ ಎಂದರೆ ನಮ್ಮ ಮನೆಗಳಲ್ಲಿ ಅಪಶಕುನ. ‘ದೊಡ್ಡದು ಮಾಡು’ ಎನ್ನುತ್ತೇವೆ. ಕಾಶಿಯವರೂ ಅಷ್ಟೇ, ಅಂಗಡಿ ಮುಚ್ಚುವುದಕ್ಕೆ ‘ಬಢಾನಾ’, ಅಂದರೆ ದೊಡ್ಡದು ಮಾಡುವುದು, ಎನ್ನುತ್ತಾರೆ. ಒಗೆದ ಬಟ್ಟೆಗೆ ಹರಿಶ್ಚಂದ್ರ ಘಾಟಿನ ಚಿತೆಗಳ ಹೊಗೆ ಹತ್ತುವ ಮನೆಯಲ್ಲಿ ಬಾಳಿದ ಆಕೆ ಸ್ವಿಚ್ಚಿಗೂ ‘ಆರಿಸು’ ಎಂಬ ಮಾತು ಆಡಿದವರಲ್ಲ.

ಸ್ನಾನ ಮುಗಿಸಿ ಬಂದ ರಾಯರು ಬಾಗಿಲಲ್ಲೇ ನಿಂತರು. "ಅಕ್ಷರ ದೊಡ್ಡದು ಮಾಡ್ತೀಯ ಅನ್ಕೊಂಡ್ನಲ್ಲೇ! ಕಣ್ಣಿಗೆ ಕಾಣ್ಸಲ್ಲ ಅಂತ ನಿನ್ನೆ ಗೋಳಾಡಿದ್ನಲ್ಲ, ಇವನು ನಿಂಗೆ ಹೇಳ್ಕೊಟ್ಟಿರ್ತಾನೆ ಅಂತ..."

ಹಾರ ಸರಿಸಿ ಯಂತ್ರ ಹಾಕಿದೆವು. ಖಾಲಿ. ರಾಯರು ಮೊದಲ ಸಾಲು ಬರೆದರು. ಎರಡನೆಯದಕ್ಕೆ ಕೈ ನಿಂತಿತು.

"ಮತ್ತೆ ಬರೀರಿ" ಎಂದರು ಸಾವಿತ್ರಮ್ಮ, ಅಳುತ್ತಾ. "ನಾನೂ ಪಕ್ಕದಲ್ಲಿ ಕೂತಿರ್ತೀನಿ."

"ಬರೆಯೋಕೆ ನಾನೆಲ್ಲಿ ಉಳಿದಿದೀನೇ?"

ಯಾರನ್ನು ಬೈಯುವುದು ಹೇಳಿ? ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ಹೊಟ್ಟೆಯ ಉರಿ ತಣ್ಣಗಾಗುತ್ತಿತ್ತೇನೋ. ರಾಯರು ಮತ್ತೆ ಅದನ್ನು ಮುಟ್ಟಲಿಲ್ಲ. ಒಂದೆರಡು ವರ್ಷಕ್ಕೆ ಹೋಗಿಯೂಬಿಟ್ಟರು.

ಇವತ್ತು ಬೆಳಿಗ್ಗೆ ಸ್ಕ್ರೂಡ್ರೈವರ್ ಇನ್ನೂ ಕೈಯಲ್ಲೇ ಇತ್ತು, ಫೋನ್ ಬಂತು. ಸಾವಿತ್ರಮ್ಮ.

"ಅವರ ತಿಥಿ ಹತ್ತಿರ ಬಂತಪ್ಪ. ಈ ಸಲ ಒಂದು ಪಂಚಾಂಗ ಮಂಗಳವಾರ ಅನ್ನುತ್ತೆ, ಇನ್ನೊಂದು ಬುಧವಾರ. ಅವರ ಲೆಕ್ಕದಲ್ಲಿ ಯಾವತ್ತು? ನೀನು ಜೊತೇಲಿದ್ದೆಯಲ್ಲ, ನಿಂಗೆ ಗೊತ್ತಿರುತ್ತೆ."

ನಾನು ಚಪ್ಪಾಳೆ ತಟ್ಟಿದ್ದೆ, ಅಷ್ಟೇ. ಲೆಕ್ಕದ ಒಂದು ಸಾಲೂ ಕಲಿತಿರಲಿಲ್ಲ.

"ಬುಧವಾರ ಅಮ್ಮ" ಎಂದೆ.

"ಸದ್ಯ, ನೀನೊಬ್ಬನಾದರೂ ಇದ್ದೀಯಲ್ಲ" ಎಂದು ಫೋನ್ ಇಟ್ಟರು.